ಗುಡುಗಮ್ಮನ ದೂರು ಕೋಣೆ

ನೀರು ಸರಬರಾಜು ಕಚೇರಿಯ ದೂರು ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಫೋನೆತ್ತಿದ ಹೆಂಗಸಿಗೆ ಊರವರು ಇಟ್ಟ ಹೆಸರು ಗುಡುಗಮ್ಮ. ನಲ್ಲಿಯಲ್ಲಿ ನೀರಿಲ್ಲ ಎಂದು ಯಾರೇ ಗೋಗರೆದರೂ ಆಕೆ ಮೊದಲು ಅವರ ನೀರಿಳಿಸುತ್ತಿದ್ದಳು. "ನಿನ್ನೆ ಬಿಟ್ಟಾಗ ಏನ್ ಮಾಡ್ತಿದ್ರಿ, ಕೊಡಕ್ಕೆ ಜ್ವರ ಬಂದಿತ್ತಾ?" ಎಂದು ಬೈದು, ಆಮೇಲೆ ಪೈಪ್ ನೋಡುವ ಲೈನ್‌ಮನ್‌ನನ್ನು ಅಟ್ಟುತ್ತಿದ್ದಳು. ಸಂಜೆಯೊಳಗೆ ನೀರು ಬರುತ್ತಿದ್ದುದರಿಂದ ಬೈಸಿಕೊಂಡವರು ಮುಖ ಊದಿಸಿಕೊಳ್ಳುತ್ತಿರಲಿಲ್ಲ.

ಒಂದು ಸೋಮವಾರ ಆ ಕೋಣೆಗೆ ಫೋನೆತ್ತುವ ಯಂತ್ರ ಬಂತು. ಬೆಲ್ಲದಲ್ಲಿ ಅದ್ದಿ ತೆಗೆದಂಥ ದನಿ. "ನಿಮ್ಮ ದೂರು ನಮಗೆ ಅಮೂಲ್ಯ" ಎನ್ನುತ್ತಿತ್ತು. ಸಾಹೇಬರು ಗುಡುಗಮ್ಮನನ್ನು ಕರೆದು, "ಇನ್ಮೇಲೆ ನೀವು ಆರಾಮಾಗಿರಿ" ಎಂದರು. ಕೆಲಸ ಹೋಯಿತೆಂಬುದು ತಲೆಗೆ ಹೋಗಲು ಆಕೆಗೆ ಎರಡು ನಿಮಿಷ ಬೇಕಾಯಿತು.

ದಿನಕ್ಕೆ ನಲವತ್ತು ಜನರಿಗೆ ಹಂಚಿಹೋಗುತ್ತಿದ್ದ ಗುಡುಗು ಈಗ ಟೈಲರ್ ಆಗಿದ್ದ ಗಂಡನ ಒಂದೇ ತಲೆ ಮೇಲೆ ಬಿತ್ತು. ಪಾಪ, ಆತ ಒಂದೇ ಅಂಗಿಗೆ ಎರಡು ಎಡತೋಳು ಹೊಲಿದ. ಆದರೆ ಪಕ್ಕದ ಮನೆಯ ಫೋನು ಬಡಿದುಕೊಂಡಾಗೆಲ್ಲ ಹೆಂಡತಿಯ ಕೈ ತಾನಾಗಿ ಮುಂದೆ ಚಾಚಿಕೊಳ್ಳುವುದನ್ನು ಕಂಡು ಎದುರಾಡದೆ ಹೊಲಿಗೆ ಬಿಚ್ಚಲು ಕೂರುತ್ತಿದ್ದ.

ನಾಲ್ಕನೇ ದಿನ ಲೈನ್‌ಮನ್ ಚೀಟಿ ಹಿಡಿದುಕೊಂಡು ಮನೆಗೆ ಬಂದ.

"ಅಕ್ಕಾ, ಕ್ಷೌರದಂಗಡಿ ಹಿಂದೆ, ಹಳದಿ ಗೇಟು ಅಂತ ಬರ್ಕೊಂಡಿದೆ ಯಂತ್ರ. ಎಲ್ಲಿ ಸಾಯ್ಲಿ ನಾನು?"

"ಆ ಅಂಗಡಿ ಈಗ ಮೆಡಿಕಲ್ ಸ್ಟೋರು. ಗೇಟಿಗೆ ಹಸಿರು ಬಳಿದು ಆರು ವರ್ಷ ಆಯ್ತು. ಆ ಮನೆ ತಾತನಿಗೆ ಮಾತ್ರ ಇನ್ನೂ ಹಳದಿ ಕಾಣುತ್ತೆ. ಹೋಗು."

ಮರುದಿನ ಒಂಬತ್ತು ಚೀಟಿ, ಅದರ ಮರುದಿನ ಇಪ್ಪತ್ತು. ಬಿಟ್ಟಿ ಚಾಕರಿ ಸಾಕೆಂದು ಗುಡುಗಮ್ಮ ಬಾಗಿಲು ಹಾಕಿಕೊಂಡಳು. ವಾರದೊಳಗೆ ಅರ್ಧ ಊರಿನ ನಲ್ಲಿ ಒಣಗಿತು. ಒಂದು ಬೆಳಗ್ಗೆ ಸಾಹೇಬರೇ, ಸ್ನಾನವಿಲ್ಲದ ಮೈಗೆ ಸೆಂಟು ಬಳಿದುಕೊಂಡು, ಬಾಗಿಲು ತಟ್ಟಿದರು.

"ನಮ್ಮನೇಲಿ ಮೂರು ದಿನದಿಂದ ನೀರಿಲ್ಲಮ್ಮ."

"ಯಂತ್ರಕ್ಕೆ ಹೇಳಿದ್ರಾ ಸಾರ್?"

"ಏಳು ಸಲ."

"ಏನಂತು?"

ಸಾಹೇಬರು ಗೋಡೆ ನೋಡಿದರು. "ಅಮೂಲ್ಯ ಅಂತು."

ಒಳಗೆ ಟೈಲರ್‌ಗೆ ಕೆಮ್ಮು ಹತ್ತಿತು.

ಹೀಗೆ ಗುಡುಗಮ್ಮ ಮತ್ತೆ ಕಚೇರಿ ಸೇರಿದಳು. ಈಗ ಆಕೆಯ ಹುದ್ದೆ 'ಯಂತ್ರ ಸಹಾಯಕಿ'. ಸಂಬಳ ಮೊದಲಿಗಿಂತ ಕಡಿಮೆ. ಯಂತ್ರ ಎಲ್ಲವನ್ನೂ ಕಲಿಯುವವರೆಗೆ ಮಾತ್ರ ಎಂದು ಆದೇಶದಲ್ಲಿತ್ತು. ಗೊತ್ತಿರುವುದನ್ನೆಲ್ಲ ಬರೆದಿಡಿ ಎಂದು ಸಾಹೇಬರು ದಪ್ಪ ಪುಸ್ತಕವೊಂದನ್ನೂ ಕೊಟ್ಟರು. ಎರಡು ವರ್ಷವಾಯಿತು. ವಿಳಾಸಗಳನ್ನು ಆಕೆ ಲೈನ್‌ಮನ್‌ನ ಕಿವಿಯಲ್ಲೇ ಹೇಳುತ್ತಾಳೆ. ಪುಸ್ತಕದಲ್ಲಿ ಈವರೆಗೆ ಬರೆದಿರುವುದು ಮೊದಲ ಪುಟದ ಮೇಲೆ ತನ್ನ ಹೆಸರು ಮಾತ್ರ, ಅದೂ ದುಂಡಗೆ.