ಪಕ್ಕದ ಮಂಚದ ಹಾಲು

ಸಾಗರದ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದ ಬಾಣಂತಿ ತೀರ್ಥಹಳ್ಳಿ ಕಡೆಯವಳು. ಬಸುರಿಯಾಗಿದ್ದಾಗ ಹಲಸಿನ ಕಾಲವಿಡೀ ಹೊಟ್ಟೆ ಬಿರಿಯುವಷ್ಟು ತಿಂದಳಂತೆ. ಇತ್ತ ಹೊಸನಗರದ ತವರಿನಲ್ಲಿ ನನಗೆ ಆರನೇ ತಿಂಗಳಿಗೇ ಶುಗರ್ ಬಂದಿತ್ತು. ನಾನು ಎರಡು ತೊಳೆ ತಿಂದರೂ ಅಮ್ಮ ಬೀಜ ಎಣಿಸುತ್ತಿದ್ದಳು. ಈಗ ಪಕ್ಕದವಳ ಮಗು ಹಾಯಾಗಿ ಮಲಗಿತ್ತು. ನನ್ನ ಮಗಳ ಹಿಮ್ಮಡಿಗೆ ಮಾತ್ರ ಸಕ್ಕರೆ ನೋಡಲು ಗಂಟೆಗಂಟೆಗೂ ಸೂಜಿ. ಹೊಟ್ಟೆ ಉರಿಯಿತು, ಮುಚ್ಚಿಡುವುದೇನು.

ಹುಟ್ಟಿದ ಕೂಡಲೇ ಎದೆಗೆ ಹಾಕಿಕೊಳ್ಳಿ ಅಂದಿದ್ದರು ನರ್ಸ್. ಅವರು ಅತ್ತ ಹೋದದ್ದೇ ಅಮ್ಮ ತಡೆದಳು. "ನಿಂಗೆ ಶುಗರ್ ಇದ್ಯಲ್ಲೇ, ಹಾಲೂ ಸಿಹಿಯಾಗಿರ್ತದೆ. ಮಗೀಗೂ ಬಂದ್ಬಿಟ್ರೆ?" ಡಿಗ್ರಿ ಓದಿದವಳು ನಾನು, ಆದರೂ ನಂಬಿದೆ. ಕುಡಿಸಿದೆ ಎಂದು ನರ್ಸ್ ಹತ್ತಿರ ಸುಳ್ಳು ಹೇಳಿದೆ. ಸ್ವಲ್ಪ ಹೊತ್ತಿಗೆ ಮಗಳ ಕೈ ಅದುರತೊಡಗಿತು. ಸೂಜಿ ಚುಚ್ಚಿ ನೋಡಿದರೆ ಸಕ್ಕರೆ ಪಾತಾಳಕ್ಕೆ ಇಳಿದಿತ್ತು.

ಕುಡಿಸಿಲ್ಲವೆಂದು ಆಗ ಒಪ್ಪಿಕೊಂಡೆ. ಬೈದರು ನರ್ಸ್, ಚೆನ್ನಾಗಿಯೇ ಬೈದರು. "ನಿಮ್ ರಕ್ತದ ಸಕ್ರೆ ಜಾಸ್ತಿ ಹೋಗಿ ಹೋಗಿ, ಮಗು ಇನ್ಸುಲಿನ್ನೂ ಜಾಸ್ತಿ ಮಾಡ್ಕೊಂಡಿದೆ. ಹೊಕ್ಕುಳ ಬಳ್ಳಿ ಕತ್ತರ್ಸಿದ್ಮೇಲೆ ಸಕ್ರೆ ನಿಂತೋಯ್ತು, ಇನ್ಸುಲಿನ್ ಹಂಗೇ ಇದೆ. ಹಾಲು ಕೊಡ್ದಿದ್ರೆ ಫಿಟ್ಸ್ ಬರ್ತದೆ, ಗೊತ್ತಾ?" ಅಮ್ಮ ಕಿಟಕಿ ಕಡೆ ತಿರುಗಿ ಕೂತಳು. ನಾನು ಹಿಂಡಿದೆ, ಹಿಂಡಿದೆ. ಬಂದದ್ದು ಒಂದೆರಡು ಹನಿ.

ಕೇಳದೆಯೇ ಪಕ್ಕದವಳು ಮಗುವಿಗೆ ಕುಡಿಸುವ ಒಳಲೆಯ ತುಂಬ ಹಾಲು ಹಿಂಡಿಕೊಟ್ಟಳು. ಅವಳ ರಿಪೋರ್ಟುಗಳನ್ನು ನೋಡಿ ಡಾಕ್ಟರೂ ಆಗಬಹುದು ಅಂದರು. ಮಗಳ ಸಕ್ಕರೆ ಏರಿತು. ಅಮ್ಮನಂತೂ "ಪುಣ್ಯಾತ್ಗಿತ್ತಿ" ಎಂದು ಅವಳಿಗೆ ಕೈ ಮುಗಿದಳು. ಹಲಸೂ ಅವಳಿಗೇ, ಹಾಲೂ ಅವಳಿಗೇ, ಇನ್ನು ಪುಣ್ಯವೂ ಅವಳಿಗೇ. ಮುಂದಿನ ಸಲ ಅವಳು ಒಳಲೆ ಹಿಡಿದು ಬಂದಾಗ "ಬ್ಯಾಡ, ನಂಗೇ ಬರ್ತಿದೆ" ಎಂದೆ. ಎಲ್ಲಿ ಬಂದಿತ್ತು? ನನ್ನ ಮಗಳು ಇನ್ನೊಬ್ಬಳ ಹಾಲಿಗೆ ಬಾಯಿ ಚಪ್ಪರಿಸುವುದನ್ನು ನೋಡಲಾಗುತ್ತಿರಲಿಲ್ಲ, ಅಷ್ಟೆ.

ಮತ್ತೆ ಸೂಜಿ ಚುಚ್ಚಿದರು, ಮತ್ತೆ ಇಳಿದಿತ್ತು. ಇನ್ನೂ ಇಳಿದರೆ ಡ್ರಿಪ್ ಹಾಕಲು ಮಗುವನ್ನು ಐಸಿಯುಗೆ ಒಯ್ಯಬೇಕಾಗುತ್ತದೆ ಎಂದರು ನರ್ಸ್. ಹೊಲಿಗೆ ಎಳೆಯುತ್ತಿದ್ದರೂ ಎದ್ದು ಅವಳ ಮಂಚದ ತನಕ ನಡೆದೆ.

"ಸ್ವಲ್ಪ ಹಾಲು ಕೊಡ್ತೀರಾ?"

"ಅದಕ್ಕೇನು, ಕೂತ್ಕಳಿ" ಎಂದಳು. ಒಂದು ಕೊಂಕು ಮಾತಾದರೂ ಆಡಬಾರದಿತ್ತೇ, ಅದೂ ಇಲ್ಲ.

ಮಗಳು ಗುಟುಕು ಗುಟುಕಾಗಿ ಕುಡಿದಳು. ನನ್ನ ಹೊಟ್ಟೆಯುರಿ ಆಗಲೂ ಆರಲಿಲ್ಲ. ಆದರೆ ಒಳಲೆ ಹಿಡಿದಿದ್ದವಳು ನಾನೇ. ಒಂದು ಹನಿಯನ್ನೂ ಚೆಲ್ಲಲು ಬಿಡಲಿಲ್ಲ.