ಒಂದು ಕೂದಲಿನ ಅಳತೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಕೂತು ಹಾಗೇ ಎದ್ದಿದ್ದೇನೆ. ಮೊಮ್ಮಗಳ ಮದುವೆ ಮುಗಿಯಲಿ, ಕಣ್ಣಿನ ಆಪರೇಷನ್ ಆಗಲಿ ಎಂದು ನೆಪ ಹುಡುಕಿಕೊಂಡೇ ಬಂದೆ. ಮದುವೆಯೂ ಆಯಿತು, ಆಪರೇಷನ್ನೂ ಆಯಿತು. ಇನ್ನು ನೆಪ ಉಳಿದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ನಂಜನಗೂಡಿನ ಹೊರಗೆ ಆಗ ಇದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ ಲ್ಯಾಬಿನ ಆಳಾಗಿ ಸೇರಿದ್ದೆ. ಆ ಕಾರ್ಖಾನೆ ಈಗಿಲ್ಲ. ರಾಗಿ, ಗೋಧಿ, ಹೆಸರುಬೇಳೆ ಹುರಿದು, ನುಣ್ಣಗೆ ಪುಡಿ ಮಾಡಿ, ಎಳೆ ಮಕ್ಕಳ ಊಟಕ್ಕೆಂದು ಡಬ್ಬಿ ತುಂಬಿ ಕಳಿಸುತ್ತಿದ್ದರು. ಮೊದಮೊದಲು ನನ್ನ ಕೆಲಸ ಗಾಜಿನ ಸಾಮಾನು ತೊಳೆಯುವುದು, ಜರಡಿ ಆಡಿಸುವುದು. ಎರಡು ಸಾವಿರದ ಇಸವಿ ಕಳೆದ ಮೇಲೆ ಲ್ಯಾಬಿಗೆ ಕ್ಯಾಮೆರಾ ಇರುವ ಮೈಕ್ರೋಸ್ಕೋಪು ಬಂತು. ಅದನ್ನು ನಡೆಸಲು ಕಲಿತವನು ನಾನೊಬ್ಬನೇ. ಅಲ್ಲಿಂದ ನನ್ನ ನಡಿಗೆಯೇ ಬದಲಾಯಿತು.

ಒಂದು ಕಣ್ಣು ಮುಚ್ಚಿ ನೋಡುವ ಹಳೆಯ ಮೈಕ್ರೋಸ್ಕೋಪು ಮೂಲೆ ಸೇರಿತು. ಹೊಸದರ ನೆತ್ತಿಯ ಮೇಲೆ ಕ್ಯಾಮೆರಾ, ಅಲ್ಲಿಂದ ಕಂಪ್ಯೂಟರಿಗೆ ಒಂದು ವೈರು. ಗಾಜಿನ ಸ್ಲೈಡಿನ ಮೇಲೆ ಚಿಟಿಕೆ ಪುಡಿ ಉದುರಿಸಿ ಲೆನ್ಸಿನ ಕೆಳಗೆ ಇಟ್ಟರೆ ಒಂದೊಂದು ಕಣವೂ ಪರದೆಯ ಮೇಲೆ ಬಂಡೆಯಂತೆ ಕಾಣುತ್ತಿತ್ತು. ಮೌಸು ಹಿಡಿದು ಈ ಅಂಚಿನಿಂದ ಆ ಅಂಚಿಗೆ ಗೆರೆ ಎಳೆದರೆ ಪಕ್ಕದಲ್ಲೇ ಅಂಕಿ ಮೂಡುತ್ತಿತ್ತು, ಇಷ್ಟು ಮೈಕ್ರಾನ್ ಎಂದು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಮೈಕ್ರಾನ್. ಬೆಳಿಗ್ಗೆ ಬಂದ ಕೂಡಲೇ, ಗಾಜಿನ ಮೇಲೆ ಸೂಕ್ಷ್ಮ ಗೆರೆ ಕೊರೆದ ಅಳತೆಪಟ್ಟಿಯೊಂದನ್ನು ಲೆನ್ಸಿನ ಕೆಳಗೆ ಇಟ್ಟು, ಮಿಷನ್ನು ಹೇಳುವ ಅಂಕಿ ಸರಿಯಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಅಳತೆಯಲ್ಲಿ ನಾನು ಒಂದು ದಿನವೂ ತಪ್ಪಿದವನಲ್ಲ. ಈಗ ಹೇಳಹೊರಟ ದಿನವೂ ಅಳತೆ ತಪ್ಪಿರಲಿಲ್ಲ.

ಪ್ಯಾಕಿಂಗ್ ಕೋಣೆಯ ಹೆಂಗಸರು ಊಟದ ಬಿಡುವಿನಲ್ಲಿ ಲ್ಯಾಬಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಸಕ್ಕರೆ, ಉಪ್ಪು, ಸೊಳ್ಳೆಯ ರೆಕ್ಕೆ, ಏನಾದರೂ ತೋರಿಸಬೇಕು ಅವರಿಗೆ.

"ಅಣ್ಣಾ, ನಮ್ಮತ್ತೆ ಮನ್ಸು ಎಷ್ಟು ಮೈಕ್ರಾನ್ ಅದೆ ಅಂತ ಅಳ್ದು ಕೊಡ್ತೀಯಾ?" ಎಂದು ಕವಲಂದೆ ಕಡೆಯ ಒಬ್ಬಳು ಕೇಳಿದರೆ, ಇನ್ನೊಬ್ಬಳು, "ಅಳ್ಯಾಕೆ ಕಣ್ಣಿಗೆ ಕಾಣ್ಬೇಕಲ್ವೇನೇ?" ಎನ್ನುತ್ತಿದ್ದಳು.

ಅವರೆಲ್ಲ ಬಿಳಿ ಬಟ್ಟೆಯ ಟೋಪಿ ಹಾಕಿಕೊಂಡು ಕೆಲಸ ಮಾಡಬೇಕಿತ್ತು. ಆ ಕೋಣೆಯೊಳಗೆ ಕಾಲಿಡುವ ಯಾರೇ ಆದರೂ ಹಾಕಲೇಬೇಕೆಂದು ಬಾಗಿಲಲ್ಲಿ ಬೋರ್ಡು ಇತ್ತು. ನಾನು ಮಾತ್ರ ಹಾಕುತ್ತಿರಲಿಲ್ಲ. ದಿನಕ್ಕೆರಡು ಸಲ ಒಳಗೆ ಹೋಗಿ, ತೆರೆದ ಡಬ್ಬಿಗಳ ಮೇಲೆ ಬಗ್ಗಿ ಚಮಚದಲ್ಲಿ ಪುಡಿ ತೆಗೆದುಕೊಂಡು ಬರುತ್ತಿದ್ದೆ. "ಅಣ್ಣನ್ ಕ್ರಾಪು ಕೆಟ್ಟೋಯ್ತದೆ ಕಣ್ರೇ, ಅದ್ಕೇ ಟೋಪಿ ಆಕಾಕಿಲ್ಲ" ಎಂದು ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಲ್ಯಾಬಿನವನನ್ನು ಯಾರು ಕೇಳುತ್ತಾರೆ?

ಆ ಹೆಂಗಸರಲ್ಲಿ ಒಬ್ಬರು ತಿರುಮಕೂಡಲು ನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಹಾಗಿದ್ದರೂ ಎಲ್ಲರಂತೆ ನನ್ನನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಗಂಡನಿಗೆ ಕಾಲು ಸರಿಯಿರಲಿಲ್ಲ, ಮನೆ ನಡೆಯುತ್ತಿದ್ದುದು ಇವರ ಕೂಲಿಯಲ್ಲಿ. ಆ ವರ್ಷ ಅವರ ಕೆಲಸ ಕಾಯಂ ಆಗುವುದಿತ್ತು. ಬಾಯಿ ತುಂಬ ಮಾತು, ಸೊಂಟ ದಾಟಿದ ಜಡೆ. ಆ ಜಡೆಯನ್ನು ಸುತ್ತಿ ಸುತ್ತಿ ಟೋಪಿಯೊಳಗೆ ತುರುಕುವಾಗ ಅಕ್ಕಪಕ್ಕದವರು ಚೇಷ್ಟೆ ಮಾಡುತ್ತಿದ್ದರು: "ಆ ಟೋಪಿ ಒಳಗೆ ಇನ್ನೊಂದು ತಲೆ ಮಡಗಿದ್ದೀಯೇನಕ್ಕಾ?"

ಒಂದು ದಿನ ಮ್ಯಾನೇಜರು ಒಂದು ಡಬ್ಬಿ ತಂದು ನನ್ನ ಮೇಜಿನ ಮೇಲೆ ಕುಕ್ಕಿದರು. ನಮ್ಮ ಮಾಲು ಕೊಳ್ಳುತ್ತಿದ್ದ ದೊಡ್ಡ ವ್ಯಾಪಾರಿ ವಾಪಸು ಕಳಿಸಿದ್ದು. ಡಬ್ಬಿಯ ಬಾಯಿಗೆ ಅಂಟಿಸಿದ ಕಾಗದದ ಒಳಮೈಯಲ್ಲಿ ಒಂದು ಕೂದಲು ಸಿಕ್ಕಿಕೊಂಡಿತ್ತು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ.

"ಹೆಂಗಸರ ಕೂದಲು, ತುಂಡಾಗಿ ಬಿದ್ದಿದೆ. ಒಬ್ಬರನ್ನ ಮನೆಗೆ ಕಳಿಸದೆ ಅವರು ಮುಂದಿನ ಆರ್ಡರ್ ಕೊಡಲ್ವಂತೆ. ಅಷ್ಟು ದುಡ್ಡು ಕೊಟ್ಟು ಮಿಷನ್ ತಂದಿದೀವಲ್ರೀ, ಯಾರದು ಅಂತ ಹೇಳಿ ನೋಡೋಣ" ಎಂದರು.

ಕೂದಲು ಎಂದ ಕೂಡಲೇ ಹೆಂಗಸು. ಅವರಿಗೂ ಹೊಳೆದದ್ದು ಹಾಗೆಯೇ, ನನಗೂ ಹಾಗೆಯೇ. ಮಿಷನ್ನಿನಿಂದ ಅಂಥದ್ದನ್ನು ಹೇಳಬಹುದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. "ಆಗಲಿ ಸಾರ್" ಎಂದೆ.

ಆ ಡಬ್ಬಿ ತುಂಬಿದ ಸಾಲಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರೆಲ್ಲ ಒಂದೊಂದು ಕೂದಲು ಕಿತ್ತು ಕೊಟ್ಟರು. ನರಸೀಪುರದವರು ಮಾತ್ರ ಸೆರಗನ್ನು ತಲೆಗೆ ಬಿಗಿಯಾಗಿ ಎಳೆದುಕೊಂಡು ನಿಂತರು.

"ನಾ ಕೊಡಾಕಿಲ್ಲ ಕಣಣ್ಣ. ತಲೆಕೂದ್ಲು ಪರರ ಕೈಗೆ ಕೊಡ್ಬಾರ್ದು, ಮಾಟ ಮಾಡ್ಬುಡ್ತಾರೆ. ಬಾಚ್ಕಂಡಾಗ ಉದುರಿದ್ದ್ನೂ ಸುತ್ತಿ, ಉಗ್ದು, ಎಸೀಬೇಕು ಅಂತ ನಮ್ಮವ್ವ ಏಳವ್ಳೆ."

"ಮಾಟಾನೂ ಇಲ್ಲ ಮಂತ್ರಾನೂ ಇಲ್ಲ. ಇದು ಕ್ಯಾಮೆರಾ" ಎಂದೆ.

"ಅದ್ಯಾವ್ದೋ, ನಂಗೆ ಎದ್ರಿಕೆ ಕಣಣ್ಣ."

ಮ್ಯಾನೇಜರು ನನ್ನ ಮುಖ ನೋಡಿದರು. ತಪ್ಪು ಮಾಡದವರು ಯಾಕೆ ಹೆದರಬೇಕು ಎಂಬ ಅರ್ಥ ಆ ನೋಟದಲ್ಲಿತ್ತು. ನಮ್ಮ ಮನೆಯಲ್ಲೂ ನನ್ನ ತಾಯಿ ಬಾಚಣಿಗೆಯ ಕೂದಲನ್ನು ಸುತ್ತಿ ಉಗಿದೇ ಎಸೆಯುತ್ತಿದ್ದುದು. ಆ ಹೆದರಿಕೆ ಏನೆಂದು ಮ್ಯಾನೇಜರಿಗೆ ಗೊತ್ತಿರಲಿಲ್ಲ, ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

"ಕೊಡದಿದ್ರೆ ನಿಮ್ಮದೇ ಅಂತ ತಿಳ್ಕೋತೀನಿ" ಎಂದರು ಮ್ಯಾನೇಜರು. ಆಕೆ ಜಡೆಯಿಂದ ಒಂದೆಳೆ ಕಿತ್ತು ನನ್ನ ಕೈಗೆ ಕೊಟ್ಟರು. "ನಿನ್ನ ನಂಬಿ ಕೊಡ್ತಾ ಇವ್ನಿ ಕಣಣ್ಣ."

ಒಂದೊಂದನ್ನೂ ಸ್ಲೈಡಿನ ಮೇಲೆ ನೇರವಾಗಿ ಮಲಗಿಸಿ, ಬುಡ, ನಡು, ತುದಿ ಮೂರರ ಫೋಟೋ ತೆಗೆದು, ನಡುವಿನದರಲ್ಲಿ ಅಡ್ಡಗೆರೆ ಎಳೆದು ದಪ್ಪ ಅಳೆದೆ. ಒಬ್ಬರದು ತೆಳು, ಒಬ್ಬರದು ಇನ್ನೂ ತೆಳು. ಆಕೆಯದು ಮಾತ್ರ ಡಬ್ಬಿಯ ಕೂದಲಿನ ದಪ್ಪಕ್ಕೆ ಸರಿಯಾಗಿ ಕೂತಿತು. ಎಂಬತ್ತಕ್ಕೆ ಎಂಬತ್ತು.

ಡಬ್ಬಿಯ ಕೂದಲಿನಲ್ಲಿ ಇನ್ನೆರಡು ವಿಷಯ ಪರದೆಯ ಮೇಲೆ ಕಾಣುತ್ತಿದ್ದವು. ಅದರ ಒಂದು ಕೊನೆ ಬೆಳ್ಳಗಿತ್ತು. ದೀಪದ ಬೆಳಕು ಹೊಡೆದಿರಬೇಕೆಂದುಕೊಂಡೆ. ಇನ್ನೊಂದು ಕೊನೆ, ಮಚ್ಚಿನಲ್ಲಿ ಕಡಿದ ಕಬ್ಬಿನ ಹಾಗೆ ಚಪ್ಪಟೆಯಾಗಿತ್ತು. ಡಬ್ಬಿಗೆ ಕಾಗದ ಅಂಟಿಸುವ ಮಿಷನ್ನು ಕತ್ತರಿಸಿರಬೇಕೆಂದುಕೊಂಡೆ. ಅಂಕಿ ಕೂತಿತಲ್ಲ, ಮಿಕ್ಕಿದ್ದು ಯಾಕೆ ಬೇಕು?

"ಹೌದೋ ಅಲ್ವೋ, ಒಂದೇ ಮಾತು ಹೇಳಿ" ಎಂದರು ಮ್ಯಾನೇಜರು.

"ಹೌದು ಸಾರ್. ಒಂದೇ ಅಳತೆ."

ಆಕೆಯನ್ನು ಕರೆಸಿ ಪರದೆ ತೋರಿಸಿದರು. ಹಗ್ಗದಷ್ಟು ದಪ್ಪಗೆ ಕಾಣುತ್ತಿದ್ದ ಕೂದಲನ್ನು ಆಕೆ ಬಹಳ ಹೊತ್ತು ನೋಡಿದರು.

"ಇದು ನಂದಾ ಅಣ್ಣ?"

ನಾನು ಹೌದೆಂದು ತಲೆ ಆಡಿಸಿದೆ.

"ಮಿಷನ್ನು ಯಾಕ್ ಸುಳ್ಳ್ ಏಳ್ತದೆ. ನಂದೇ ಇರ್ಬೇಕು. ತಪ್ಪಾಯ್ತು ಸಾ" ಎಂದು ಮ್ಯಾನೇಜರಿಗೆ ಕೈಮುಗಿದರು. ಸಂಜೆ ಟೋಪಿಯನ್ನು ಮಡಿಚಿ ಮೇಜಿನ ಮೇಲಿಟ್ಟು ಬಸ್ಸಿಗೆ ಹೋದರು. ಮಾರನೆಯ ದಿನದಿಂದ ಬರಲಿಲ್ಲ. ವ್ಯಾಪಾರಿ ಆರ್ಡರ್ ಕೊಟ್ಟ. ಮ್ಯಾನೇಜರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು.

ಕೆಲವು ವಾರ ಕಳೆದ ಮೇಲೆ ಮೈಕ್ರೋಸ್ಕೋಪಿನ ಸರ್ವೀಸಿಗೆ ಒಬ್ಬ ಇಂಜಿನಿಯರು ಬಂದರು. ಲೆನ್ಸು ಒರೆಸಿ, ಕ್ಯಾಮೆರಾ ಬಿಚ್ಚಿ ಕಟ್ಟಿ, "ಸರ್, ಒಂದು ಕೂದಲು ಕೊಡಿ, ಫೋಕಸ್ ನೋಡೋಣ" ಎಂದರು. ಅವರ ಕಸುಬಿನಲ್ಲಿ ಅದು ರೂಢಿಯಂತೆ. ನಾನು ಕಿವಿಯ ಮೇಲಿನಿಂದ ಒಂದು ಕಿತ್ತು ಕೊಟ್ಟೆ.

ಪರದೆಯ ಮೇಲೆ ಅದು ಮೂಡಿತು. ಬುಡದಲ್ಲಿ ಒಂದಿಷ್ಟು ಉದ್ದ ಗಾಜಿನ ಹಾಗೆ ಬೆಳ್ಳಗೆ. ಆಮೇಲೆ ಡಾಂಬರು ಮೆತ್ತಿದ ಹಾಗೆ ಕಪ್ಪು. ಕೊನೆಯಲ್ಲಿ ಕಡಿದ ಕಬ್ಬು.

ಇಂಜಿನಿಯರು ನಕ್ಕರು. "ಡೈ ಹಾಕ್ತೀರಾ ಸರ್? ನೋಡಿ, ಬುಡದಲ್ಲಿ ಬಿಳಿ ಬಂದ್ಬಿಟ್ಟಿದೆ. ಹಾಕಿ ವಾರ ಹತ್ತು ದಿನ ಆಗಿರಬೇಕು. ತುದಿ ನೋಡಿ, ಕಟಿಂಗ್ ಷಾಪಿನ ಕತ್ತರಿ."

ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ.

"ಕತ್ತರಿ ಹಾಕದ ಕೂದಲು ಹೇಗಿರುತ್ತೆ ಸಾರ್?"

"ತುದಿಗೆ ಹೋಗ್ತಾ ಹೋಗ್ತಾ ಸಣ್ಣಗಾಗುತ್ತೆ. ಹುಲ್ಲಿನ ಗರಿ ಇರುತ್ತಲ್ಲ, ಹಾಗೆ."

"ದಪ್ಪ ಅಳೆದು ಯಾರ ಕೂದಲು ಅಂತ ಹೇಳಬಹುದಾ?"

"ಎಲ್ಲಿ ಆಗುತ್ತೆ ಸರ್? ಒಂದೇ ತಲೇಲಿ ದಪ್ಪ ಇರುತ್ತೆ, ತೆಳು ಇರುತ್ತೆ."

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಹಳೆಯ ಫೋಟೋಗಳನ್ನು ತೆರೆದೆ. ಡಬ್ಬಿಯ ಕೂದಲನ್ನೂ ಆಗತಾನೇ ತೆಗೆದ ನನ್ನ ಕೂದಲನ್ನೂ ಪಕ್ಕಪಕ್ಕ ಇಟ್ಟೆ. ಅದೇ ಬಿಳಿ ಬುಡ, ಅದೇ ಮೆತ್ತಿದ ಕಪ್ಪು, ಅದೇ ಚಪ್ಪಟೆ ತುದಿ. ಆಕೆಯ ಕೂದಲಿನ ಫೋಟೋ ತೆರೆದೆ. ಹುಟ್ಟಿನಿಂದ ಕತ್ತರಿ ಕಾಣದ ಕೂದಲು. ತುದಿ ಹುಲ್ಲಿನ ಗರಿಯಂತೆ ಸಣ್ಣಗಾಗುತ್ತಾ ಹೋಗಿ ಮಾಯವಾಗಿತ್ತು. ಆ ದಿನವೂ ಪರದೆಯ ಮೇಲೆ ಇದೆಲ್ಲ ಇತ್ತು. ಒಂದು ಕೂದಲನ್ನು ಐನೂರು ಪಟ್ಟು ದೊಡ್ಡದು ಮಾಡಿ ಮುಂದಿಟ್ಟುಕೊಂಡು ನಾನು ಅದನ್ನು ನೋಡಿರಲಿಲ್ಲ.

ಟೋಪಿ ಯಾಕೆ ಹಾಕುತ್ತಿರಲಿಲ್ಲ ಎಂದು ಈಗ ಹೇಳಬೇಕು. ನನಗೆ ಚಿಕ್ಕ ವಯಸ್ಸಿಗೇ ತಲೆ ನರೆತಿತ್ತು. ಕದ್ದು ಡೈ ಹಚ್ಚುತ್ತಿದ್ದೆ. ಬೆವರಿಗೆ ಬಿಳಿ ಟೋಪಿಯ ಒಳಸುತ್ತು ಕಪ್ಪಾಗುತ್ತಿತ್ತು. "ನಿಮ್ ಟೋಪಿ ಒಗುದ್ರೆ ಕಾಗೆ ಮೀಯಿಸ್ದಂಗಾಯ್ತದೆ ಬಕೀಟು" ಎಂದು ಹೆಂಡತಿ ಆಡಿಕೊಂಡಿದ್ದಳು. ಆ ಹೆಂಗಸರಿಗೆ ಗುಟ್ಟು ಗೊತ್ತಾದೀತೆಂದು ಟೋಪಿ ಬಿಟ್ಟೆ. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡದೇನಾದರೂ ಇದ್ದಿದ್ದರೆ ಬರೆಯಲು ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ನೇರ ಮ್ಯಾನೇಜರ ಕೋಣೆಗೆ ಹೋದೆ. "ಏನ್ರೀ?" ಎಂದು ತಲೆಯೆತ್ತಿದರು. ಹೇಳಿದರೆ ನನ್ನ ಕೆಲಸ ಹೋಗುತ್ತದೆ ಎಂಬುದು ಆ ಕ್ಷಣದಲ್ಲಿ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, "ಸರ್ವೀಸ್ ಮುಗೀತು ಸಾರ್" ಎಂದು ಹೇಳಿ ಬಂದೆ.

ಆದರೆ ಆಕೆಯ ಮುಂದೆಯಾದರೂ ಒಪ್ಪಿಕೊಳ್ಳಬೇಕೆಂದು ಒಂದು ಭಾನುವಾರ ನರಸೀಪುರದ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲೊಂದರಲ್ಲಿ ಹಿಟ್ಟು ರುಬ್ಬುತ್ತಾರೆಂದು ಪ್ಯಾಕಿಂಗಿನವರು ಹೇಳಿದ್ದರು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಟ್ಟಿಕೊಂಡೆ. ಹೋಟೆಲಿನ ಹಿತ್ತಲಿಗೆ ಹೋದೆ. ಗ್ರೈಂಡರಿನ ಮುಂದೆ ಒಬ್ಬರು ಬೆನ್ನು ಮಾಡಿ ಕೂತಿದ್ದರು. ಸೆರಗು ಜಾರಿತ್ತು. ನುಣ್ಣಗೆ ಬೋಳಿಸಿದ ತಲೆ, ಆಗತಾನೇ ಮೊಳೆಯುತ್ತಿದ್ದ ಕೂದಲು. ಬೇರೆ ಯಾರೋ ಎಂದು ಹಿಂದಿರುಗುತ್ತಿದ್ದೆ.

"ಅಯ್ಯೋ, ಅಣ್ಣ! ಬಾ ಬಾ" ಎಂದರು.

ನಾವು ಅವರನ್ನು ಕರೆಯುತ್ತಿದ್ದ ಅಡ್ಡಹೆಸರೊಂದಿತ್ತು. ಅದು ಬಾಯಿಗೆ ಬಂದು ಗಂಟಲಲ್ಲೇ ನಿಂತಿತು. ಆ ತಲೆಯ ಮುಂದೆ ಅದನ್ನು ಆಡುವಂತಿರಲಿಲ್ಲ.

ಆಕೆ ಸೆರಗು ಎಳೆದುಕೊಂಡು ನಕ್ಕರು. "ನೋಡ್ದಾ ನನ್ನ ಅವತಾರವಾ? ನಂಜುಂಡಪ್ಪಂಗೆ ಮುಡಿ ಕೊಟ್ಬುಟ್ಟೆ. ಎಣ್ಣೆ ಕಾಸು ಉಳೀತು ಬಿಡು."

"ಯಾಕೆ?" ಎಂದೆ. ನಮ್ಮ ಕಡೆ ಹೆಂಗಸರು ಮುಡಿ ಎಂದರೆ ಸಾಮಾನ್ಯವಾಗಿ ತುದಿ ಕತ್ತರಿಸಿ ಕೊಟ್ಟು ಬರುತ್ತಾರೆ. ಗಂಡ ಇರುವವರು ಇಡೀ ತಲೆ ಕೊಡುವುದು ದೊಡ್ಡ ಹರಕೆಗೇ.

"ಯಾಕಂದ್ರೆ? ಕೂಸು ತಿನ್ನೋ ಇಟ್ಟು ಅದು. ಅದ್ರೊಳೀಕೆ ನನ್ ಕೂದ್ಲು ಬಿತ್ತಲ್ಲಣ್ಣ. ಯಾವ್ದಾರ ಕೂಸಿನ ಗಂಟ್ಲಿಗೆ ಸಿಕ್ಕಿದ್ದಿದ್ರೆ? ಆ ಪರದೇಲಿ ಹಗ್ಗದಂಗೆ ಕಾಣ್ತಲ್ಲಾ, ಅದೇ ಕಣ್ಮುಂದೆ. ನಿದ್ದೆ ಬರ್ನಿಲ್ಲ ಕಣಣ್ಣ. ತಪ್ಪಾಯ್ತು ಸ್ವಾಮಿ ಅಂತ ಕಪಿಲೆ ದಡದಲ್ಲಿ ಕೂತು ಕೊಟ್ ಬಂದೆ. ಆವತ್ತಿಂದ ವಸಿ ನಿದ್ದೆ."

ಯಾವುದೋ ಮನೆಯ ಮಗುವಿನ ಗಂಟಲು. ಅದು ನನಗೆ ಒಂದು ಸಲವೂ ಹೊಳೆದಿರಲಿಲ್ಲ. ನಾನು ಅಳೆದೆ, ಮ್ಯಾನೇಜರು ಆರ್ಡರ್ ನೆನೆದರು. ಮಾಡದ ತಪ್ಪಿಗೆ ನಿದ್ದೆಗೆಟ್ಟವರು ಈಕೆಯೊಬ್ಬರೇ.

ಒಳಗಿನಿಂದ ಕಾಫಿ ತರಿಸಿದರು. "ಇಷ್ಟು ದೂರ ಯಾಕಣ್ಣ ಬಂದೆ?" ಎಂದು ಕೇಳಿದರು. ಹೇಳು, ಈಗ ಹೇಳು ಎಂದು ಒಳಗೆ ಬಡಿದುಕೊಳ್ಳುತ್ತಿತ್ತು. ಹೇಳಿದರೆ ಆ ಮುಡಿ ಯಾವ ಲೆಕ್ಕಕ್ಕೆ? ಬಂದ ನಿದ್ದೆಯನ್ನೂ ಕಿತ್ತುಕೊಂಡ ಹಾಗಲ್ಲವೇ? ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಅದೂ ನೆಪವೇ. ಹೇಳಿದ್ದರೆ ಆಕೆ ಮತ್ತೆ ಕೆಲಸಕ್ಕೆ ಬರಬಹುದಿತ್ತು, ನಾನು ಬಿಡಬೇಕಾಗುತ್ತಿತ್ತು.

"ಸಂಗಮಕ್ಕೆ ಬಂದಿದ್ದೆ. ಹಂಗೇ ನೋಡ್ಕಂಡು ಓಗನಾ ಅಂತ" ಎಂದೆ.

"ಒಳ್ಳೇದಾಯ್ತು. ಬೇಜಾರ್ ಮಾಡ್ಕಬ್ಯಾಡ ಕಣಣ್ಣ. ನೀನು ಕಂಡಿದ್ನ ಏಳ್ದೆ" ಎಂದರು ಆಕೆ.

ಮರುದಿನದಿಂದ ಡೈ ಹಚ್ಚುವುದನ್ನು ಬಿಟ್ಟೆ, ಟೋಪಿ ಹಾಕತೊಡಗಿದೆ. ತಲೆ ಬೆಳ್ಳಗಾದದ್ದು ಕಂಡು, "ಅಣ್ಣಂಗೆ ಏನಾಯ್ತೋ, ಇದ್ದಕ್ಕಿದ್ದಂಗೆ ಮುದ್ಕ ಆಗೋದ್ನಲ್ಲಾ" ಎಂದು ಪ್ಯಾಕಿಂಗಿನವರು ಪಿಸುಗುಟ್ಟಿದರು. ಕಾರ್ಖಾನೆ ಮುಚ್ಚುವವರೆಗೂ ಅದೇ ಮೈಕ್ರೋಸ್ಕೋಪಿನ ಮುಂದೆ ಕೂತು ಸಂಬಳ ತೆಗೆದುಕೊಂಡೆ. ಆಮೇಲೆ ಧೈರ್ಯ ಮಾಡಿ ನರಸೀಪುರಕ್ಕೆ ಇನ್ನೊಂದು ಸಲ ಹೋದಾಗ ಹೋಟೆಲಿನ ಜಾಗದಲ್ಲಿ ಮೊಬೈಲ್ ಅಂಗಡಿಯಿತ್ತು. ಆಕೆ ಎಲ್ಲಿ ಹೋದರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದ್ದಾರೋ ಇಲ್ಲವೋ ನನಗೆ ತಿಳಿಯದು.

ಆಕೆಯ ನಿಜವಾದ ಹೆಸರನ್ನು ಇಲ್ಲಿ ಬರೆಯುವ ಯೋಗ್ಯತೆ ನನಗಿಲ್ಲ. ಆ ಹಿತ್ತಲಿನಲ್ಲಿ ಗಂಟಲಿಗೆ ಸಿಕ್ಕಿಕೊಂಡದ್ದನ್ನು ಮಾತ್ರ ಹೇಳಬಲ್ಲೆ. ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಜಡೆಯಕ್ಕ ಎಂದು.