ಹಾಲಸಿದ್ದಪ್ಪನವರ ಅಂಗಡಿಯ ಎರಡು ಕಂಪ್ಯೂಟರ್‌ಗಳು

ಪುರಸೈವಾಕ್ಕಂನಲ್ಲಿ ನನ್ನ ಪಾತ್ರೆ ಅಂಗಡಿಗೆ ಅಂಟಿಕೊಂಡೇ ಹಾಲಸಿದ್ದಪ್ಪನವರ ಸೀರೆ ಅಂಗಡಿ. ಮನುಷ್ಯ ಒಳ್ಳೆಯವರೇ, ಆದರೆ ಅನುಮಾನದ ಪಿಶಾಚಿ. ಬೀಗ ಹಾಕಿ, ಜಗ್ಗಿ ನೋಡಿ, ಬಸ್ ಸ್ಟಾಪಿನವರೆಗೆ ಹೋಗಿ, ತಿರುಗಿ ಬಂದು ಮತ್ತೆ ಜಗ್ಗುತ್ತಾರೆ. ನಾನು ಅವರನ್ನು ನೋಡಿ ನಕ್ಕರೆ ಯಾಕೆ ನಕ್ಕೆನೆಂದು ಸಂಜೆಯವರೆಗೆ ಯೋಚಿಸುತ್ತಾರೆ. ನಗದಿದ್ದರೂ ಅಷ್ಟೇ.

ಅವರ ಸೊಸೆ ಪೂರ್ಣಿಮಾ ಕಂಪ್ಯೂಟರ್ ಕಲಿತವಳು. ಆಫೀಸಿನ ಕೆಲಸ ಬಿಟ್ಟು ಅಂಗಡಿಗೆ ಬಂದಿದ್ದಳು. ಮಾವ ತನ್ನನ್ನು ನಂಬಬೇಕು ಎಂಬುದೊಂದೇ ಅವಳ ಹಟ. ಅಂಗಡಿಯಲ್ಲಿ ಲಿನಕ್ಸ್ ಹಾಕಿದ ಎರಡು ಕಂಪ್ಯೂಟರ್‌ಗಳಿದ್ದವು: ಗಲ್ಲಾದ ಹತ್ತಿರ ಒಂದು, ಗೋಡೌನಿನಲ್ಲಿ ಹಳೆಯದೊಂದು. ಹಾಕಿಕೊಟ್ಟ ಪುಣ್ಯಾತ್ಮ ಎರಡಕ್ಕೂ ಒಂದೇ ಹೆಸರಿಟ್ಟು ಹೋಗಿದ್ದ. ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಅವುಗಳೊಳಗೆ ಹೋದರೆ ಯಾವುದು ಯಾವುದೆಂದೇ ತಿಳಿಯುತ್ತಿರಲಿಲ್ಲ. ಅದಕ್ಕೇ ಗಲ್ಲಾದ್ದಕ್ಕೆ ‘ಅಂಗಡಿ’, ಇನ್ನೊಂದಕ್ಕೆ ‘ಗೋಡೌನ್’ ಎಂದು ಹೆಸರಿಡಲು ಕುಳಿತಳು.

“ಹೆಸರ್ಯಾಕ ಬದಲಸ್ತಿ? ಓಡಿ ಹೋಗೋರು ಹೆಸರು ಬದಲಸ್ತಾರ,” ಎನ್ನುತ್ತ ಮಾವ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡರು.

ಅವಳು hostnamectl set-hostname angadi ಎಂದು ಒಂದು ಸಾಲು ಟೈಪ್ ಮಾಡಿದಳು. ಕಂಪ್ಯೂಟರ್ ಆರಿಸಬೇಕಾಗಲಿಲ್ಲ, ಬಿಲ್ಲಿನ ಕೆಲಸ ನಡೆದೇ ಇತ್ತು. ಆದರೆ ಪರದೆಯ ಮೇಲೆ ಅವಳು ಟೈಪ್ ಮಾಡುತ್ತಿದ್ದ ಕಪ್ಪು ಕಿಟಕಿ ಮಾತ್ರ ಹಳೆಯ ಹೆಸರನ್ನೇ ತೋರಿಸುತ್ತಿತ್ತು.

“ಬದಲಾತು ಅಂದಿ. ಎಲ್ಲೈತಿ?”

“ಇದನ್ನ ಮುಚ್ಚಿ ಹೊಸಾದು ತೆಗೀಬೇಕ್ರಿ ಮಾವಾರ. ಕೊಂಜಂ ತಡೀರಿ,” ಎಂದಳು, ಈ ಊರಿನ ತಮಿಳು ಬೆರೆಸಿ.

ಹೊಸ ಕಿಟಕಿಯಲ್ಲಿ ಹೊಸ ಹೆಸರು ಬಂತು. ಇನ್ನೊಂದಕ್ಕೂ ಹಾಗೆಯೇ ಮಾಡಿದಳು. ಹಾಲಸಿದ್ದಪ್ಪನವರಿಗೆ ಸಮಾಧಾನವಾಗಲಿಲ್ಲ, ಆದರೆ ಆ ಸಾಲನ್ನು ಚೆನ್ನಾಗಿ ನೋಡಿಕೊಂಡರು. ಮರುದಿನ ಸೊಸೆ ಬರುವ ಮೊದಲೇ ಅಂಗಡಿ ತೆರೆದು ಎರಡರ ಹೆಸರನ್ನೂ ಅದಲುಬದಲು ಮಾಡಿದರು. ಯಾರಿಗೂ ಹೇಳಲಿಲ್ಲ.

ಆ ವಾರವೇ ಗೋಡೌನಿನ ಹಳೆಯ ಕಂಪ್ಯೂಟರನ್ನು ಕೊಟ್ಟುಬಿಡುವುದೆಂದಾಯಿತು. ಪೂರ್ಣಿಮಾ ಮಹಡಿಯಲ್ಲಿ ಕುಳಿತು ‘ಗೋಡೌನ್’ ಎಂಬ ಹೆಸರು ಹಿಡಿದು ಒಳಗೆ ಹೋದಳು, ಎಲ್ಲವನ್ನೂ ಅಳಿಸಿದಳು. ಕೆಳಗೆ ಗಲ್ಲಾದ ಕಂಪ್ಯೂಟರ್ ಸ್ತಬ್ಧವಾಯಿತು. ಹಾಲಸಿದ್ದಪ್ಪನವರು ಊರೂರು ಅಲೆದು ನೇಕಾರರಿಂದ ಕೂಡಿಸಿದ್ದ ಸೀರೆ ಅಂಚಿನ ಚಿತ್ರಗಳೆಲ್ಲ ಅದರಲ್ಲಿದ್ದವು. ಯಾರಾದರೂ ಕದ್ದಾರೆಂದು ಇನ್ನೊಂದು ಪ್ರತಿ ಇಡಲೂ ಬಿಟ್ಟಿರಲಿಲ್ಲ.

ಕೂಗಾಟ ಕೇಳಿ ನಾನು ಓಡಿದೆ.

“ಬೇಕಂತನ ಮಾಡ್ಯಾಳ! ನನಗ ಮೊದಲ ಗೊತ್ತಿತ್ತು!”

ಪೂರ್ಣಿಮಾ ಬಿಳಿಚಿಕೊಂಡಿದ್ದಳು. “ಹೆಸರು ನೋಡೇ ಅಳಿಸೀನ್ರಿ ಮಾವಾರ. ಗೋಡೌನ್ ಅಂತನ ಇತ್ತು.”

ಹಾಲಸಿದ್ದಪ್ಪನವರು ಕುರ್ಚಿಯಲ್ಲಿ ಕುಸಿದರು. ನನಗೆ ಅವರ ಮೇಲೆ ಕೆಟ್ಟ ಕೋಪ ಬಂದಿತ್ತು, ಆದರೂ ಆ ಮುಖ ನೋಡಿ ಅಯ್ಯೋ ಅನ್ನಿಸಿತು.

“ಹೆಸರು ನಾನ ಅದಲುಬದಲು ಮಾಡಿದ್ನವಾ,” ಎಂದರು ಕೊನೆಗೆ. “ಕಳ್ಳರು ಒಳಗ ಬಂದ್ರ ದಾರಿ ತಪ್ಲಿ ಅಂತ.”

ಪೂರ್ಣಿಮಾ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಪಾಸ್‌ವರ್ಡ್ ಗೊತ್ತಿರೋದು ನಿಮಗ, ನನಗ, ಇಬ್ಬರಿಗೇ. ಮತ್ತ ಕಳ್ಳರು ಯಾರ್ರಿ ಮಾವಾರ?”

ಲ್ಯಾಪ್‌ಟಾಪನ್ನು ಅವರ ಮುಂದಿಟ್ಟು, ಬ್ಯಾಗ್ ತೆಗೆದುಕೊಂಡು ಅವಳು ಹೊರಟುಹೋದಳು.